ನೀರನ್ನು ಮರೆತ ಫ್ಲೋರೈಡ್ ಕಥೆ

ಮಾನ್ಯರೇ,

ಲೋಹದ ಅಯಾನುಗಳೂ ಸಾವಯವ ಕೊಂಡಿಗಳೂ ಕೂಡಿ ಆದ ಗೂಡಿನಂಥ ಅಣು, ಫ್ಲೋರೈಡಿನಂಥ ಋಣ ಅಯಾನನ್ನು ಹಿಡಿದಾಗ ಬೆಳಗುತ್ತದೆ ಎನ್ನುವ ನಿಮ್ಮ ‘ಹೊಳೆಯುವ ಅಣುಪಂಜರಗಳು’ ಲೇಖನವನ್ನು ಎರಡು ಸಲ ಓದಿದೆ. ಈಗಿನ ರೂಪದಲ್ಲಿ ಪ್ರಕಟಿಸಲಾರೆ. ತಿದ್ದಿ ಬರೆದರೆ ಪ್ರಕಟಿಸುವ ಆಸೆಯಿರುವುದರಿಂದ ಕಾರಣಗಳನ್ನು ಮುಚ್ಚುಮರೆಯಿಲ್ಲದೆ ತಿಳಿಸುತ್ತಿದ್ದೇನೆ.

ಮೊದಲ ಪುಟವಿಡೀ ಕಿಟಗಾವಾ, ರಾಬ್ಸನ್ ಮತ್ತು ಯಾಘಿ ಅವರಿಗೆ 2025ರಲ್ಲಿ ಬಂದ ನೊಬೆಲ್‌ಗೆ ವ್ಯಯವಾಗಿದೆ. ಅವರಿಗೆ ಪ್ರಶಸ್ತಿ ತಂದದ್ದು ಲೋಹ ಮತ್ತು ಸಾವಯವ ಕೊಂಡಿಗಳು ಕೊನೆಯಿಲ್ಲದಂತೆ ಹಬ್ಬಿಕೊಂಡ ಹರಳಿನ ಚೌಕಟ್ಟು. ನಿಮ್ಮ ವಿಷಯವಾದರೋ ದ್ರಾವಣದಲ್ಲಿ ಬಿಡಿಬಿಡಿಯಾಗಿ ಇರುವ ಅಣು. ಇದರ ಮೂಲಕ್ಕೆ ಹೋಗುವುದಾದರೆ, ಪಲ್ಲಾಡಿಯಂ ಲೋಹದ ನಾಲ್ಕು ಮೂಲೆಗಳೂ ಬೈಪಿರಿಡೀನ್ ಎಂಬ ಸಾವಯವ ಅಣುವಿನ ನಾಲ್ಕು ಬದಿಗಳೂ ತಾವಾಗಿಯೇ ಕೂಡಿ ಚೌಕವಾಗುವುದನ್ನು ಮಕೋಟೊ ಫುಜಿಟಾ ಅವರ ತಂಡ 1990ರಲ್ಲಿ ತೋರಿಸಿದ್ದನ್ನು ಹೇಳಬೇಕಿತ್ತು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಪಾರ್ಥಸಾರಥಿ ಮುಖರ್ಜಿ ಅವರ ತಂಡ ಇಂಥ ಅಣುಗಳ ಮೇಲೆಯೇ ಕೆಲಸ ಮಾಡುತ್ತಿದೆ. ಅದರ ಸುಳಿವೂ ಲೇಖನದಲ್ಲಿಲ್ಲ.

ಇದಕ್ಕಿಂತ ದೊಡ್ಡ ದೋಷ ಪಾವಗಡದ ಕೊಳವೆಬಾವಿಯ ಪ್ರಸಂಗದಲ್ಲಿದೆ. ಒಂದು ಲೋಟ ನೀರಿಗೆ ಪಂಜರದ ದ್ರಾವಣದ ಎರಡು ಹನಿ ಹಾಕಿದೊಡನೆ ಫ್ಲೋರೈಡ್ ಇರುವುದು ಬೆಳಕಾಗಿ ಕಾಣುತ್ತದೆ ಎಂದು ಬರೆದಿದ್ದೀರಿ. ಆದರೆ ನೀವು ವಿವರಿಸಿದ ಪ್ರಯೋಗ ನಡೆದದ್ದು ನೀರಿನಲ್ಲಲ್ಲ, ಅಸಿಟೋನೈಟ್ರೈಲ್ ಎಂಬ ಸಾವಯವ ದ್ರಾವಕದಲ್ಲಿ. ಫ್ಲೋರೈಡ್ ಪುಟ್ಟ ಅಯಾನು, ಅದರ ವಿದ್ಯುದಂಶ ಸಾಂದ್ರವಾಗಿರುವುದರಿಂದ ನೀರಿನ ಅಣುಗಳು ಅದನ್ನು ಕ್ಲೋರೈಡ್, ಬ್ರೋಮೈಡ್‌ಗಳಿಗಿಂತ ಬಹಳ ಬಿಗಿಯಾಗಿ ಸುತ್ತುವರಿಯುತ್ತವೆ. ಆ ಹಿಡಿತದಿಂದ ಬಿಡಿಸಿ ತನ್ನ ಗೂಡಿಗೆ ಎಳೆದುಕೊಳ್ಳುವ ಸಾಮರ್ಥ್ಯ ಪಂಜರಕ್ಕೆ ಬೇಕು. ಕುಡಿಯುವ ನೀರಿನಲ್ಲಿ ಅನುಮತಿಸಿದ ಗರಿಷ್ಠ ಮಿತಿಯಾದ ಲೀಟರಿಗೆ 1.5 ಮಿಲಿಗ್ರಾಂ ಎಂದರೆ ಸುಮಾರು 79 ಮೈಕ್ರೋಮೋಲ್ ಮಾತ್ರ, ಅದರ ಪಕ್ಕದಲ್ಲೇ ಕ್ಲೋರೈಡ್, ಬೈಕಾರ್ಬೊನೇಟ್‌ಗಳು ಹಲವು ಪಟ್ಟು ಹೆಚ್ಚಿರುತ್ತವೆ. ಈ ಪೈಪೋಟಿಯೇ ನಿಮ್ಮ ಕಥೆಯ ಜೀವಾಳ, ಅದನ್ನೇ ಬಿಟ್ಟಿದ್ದೀರಿ.

ಇನ್ನೊಂದು ಸಂದೇಹವನ್ನೂ ಓದುಗರ ಮುಂದಿಡಬೇಕಾಗಿತ್ತು. ಬೆಳಕು ಹೆಚ್ಚಿದ ಮಾತ್ರಕ್ಕೆ ಪಂಜರ ಫ್ಲೋರೈಡನ್ನು ಹಿಡಿದಿದೆ ಎಂದು ಹೇಳಲಾಗದು. ಒಣ ದ್ರಾವಕದಲ್ಲಿ ಫ್ಲೋರೈಡ್ ಪ್ರಬಲ ಪ್ರತ್ಯಾಮ್ಲದಂತೆ ವರ್ತಿಸಿ ಲಿಗ್ಯಾಂಡಿನ, ಅಂದರೆ ಲೋಹಗಳನ್ನು ಜೋಡಿಸುವ ಸಾವಯವ ಕೊಂಡಿಯ, ಪ್ರೋಟಾನನ್ನೇ ಕಿತ್ತುಕೊಂಡಿರಬಹುದು. ಆಗ ಹೈಡ್ರಾಕ್ಸೈಡ್ ಹಾಕಿದರೂ ಅದೇ ಬಣ್ಣ ಬರುತ್ತದೆ. ಅಥವಾ ಪಲ್ಲಾಡಿಯಂ ನಂದಿಸಿಟ್ಟಿದ್ದ ಲಿಗ್ಯಾಂಡ್, ಪಂಜರ ಕಳಚಿಬಿದ್ದು ಬಿಡುಗಡೆಯಾದದ್ದರಿಂದ ಬೆಳಗಿರಬಹುದು. ಬರಿಯ ಲಿಗ್ಯಾಂಡಿನ ಮೇಲೆ ಇದೇ ಪರೀಕ್ಷೆ ಮಾಡಿದರೇ, ಅಣುವಿನ ರಚನೆ ತೋರಿಸುವ ಎನ್‌ಎಂಆರ್ ಪರೀಕ್ಷೆಯಲ್ಲಿ ಪಂಜರ ಇಡಿಯಾಗಿ ಉಳಿದಿತ್ತೇ ಎಂಬುದನ್ನು ಮೂಲ ಪ್ರಬಂಧದಲ್ಲಿ ನೋಡಿ ಬರೆಯಿರಿ.

ನನ್ನ ಅಭಿಪ್ರಾಯದಲ್ಲಿ ಫ್ಲೋರೈಡಿಗಿಂತ, ಎರಡು ಫಾಸ್ಫೇಟ್‌ಗಳು ಕೂಡಿದ ಋಣ ಅಯಾನಾದ ಪೈರೋಫಾಸ್ಫೇಟ್ ಈ ಲೇಖನಕ್ಕೆ ಒಗ್ಗುವ ಉದಾಹರಣೆ. ಡಿಎನ್‌ಎ ನಕಲಾಗುವಾಗ ಅದು ಹೊರಬೀಳುತ್ತದೆ. ಅದರ ಆಕ್ಸಿಜನ್‌ಗಳನ್ನು ಎರಡು ಸತುವಿನ ಅಯಾನುಗಳು ಸೇರಿ ಹಿಡಿದರೆ ನೀರಿನಲ್ಲೂ ಬಂಧ ನಿಲ್ಲುತ್ತದೆ, ಮೇಲಾಗಿ ಡಿ-ಕಕ್ಷೆಗಳು ಎಲೆಕ್ಟ್ರಾನ್‌ಗಳಿಂದ ತುಂಬಿರುವ ಸತು ಬೆಳಕನ್ನು ಸಾಮಾನ್ಯವಾಗಿ ನಂದಿಸುವುದಿಲ್ಲ.

ಭಾಷೆಯ ವಿಷಯ ಸ್ವಲ್ಪ. ‘ಮಾಂತ್ರಿಕ ಅಣು’ ಮೂರು ಕಡೆ ಬಂದಿದೆ, ಮೂರನ್ನೂ ತೆಗೆಯಿರಿ. ಒಂದನ್ನೇ ಒಮ್ಮೆ ‘ಆನಯಾನ್’, ಒಮ್ಮೆ ‘ಋಣ ಅಯಾನು’ ಎನ್ನಬೇಡಿ. ಉಜ್ಜಿದ ಹಿತ್ತಾಳೆ ಚೊಂಬೂ ಹೊಳೆಯುತ್ತದೆ. ನೇರಳಾತೀತ ಬೆಳಕನ್ನು ಹೀರಿ, ಅದಕ್ಕಿಂತ ಉದ್ದದ ತರಂಗವಾಗಿ ಹೊರಸೂಸುವುದಕ್ಕೆ ಪ್ರತಿದೀಪ್ತಿ ಎಂಬ ಒಳ್ಳೆಯ ಪದವೇ ಇರುವಾಗ ಶೀರ್ಷಿಕೆಯಲ್ಲಿ ‘ಹೊಳೆಯುವ’ ಏಕೆ?

ನೊಬೆಲ್ ಭಾಗವನ್ನು ಎರಡು ಸಾಲಿಗೆ ಇಳಿಸಿ, ಉಳಿದ ಜಾಗವನ್ನು ನೀರಿಗೆ ಕೊಟ್ಟು, ಮರುಪ್ರತಿಯನ್ನು ಕಳುಹಿಸಿ.

ಇತಿ,
ಸಂಪಾದಕ