ಬಣ್ಣದ ಡಬ್ಬಿ: ಗೊರಬು ಯಾಕೆ ಬಾಗಿದೆ?

ಪ್ರಶ್ನೆ: ಅಕ್ಕಾ, ನಂದು ಬಿ.ಎ. ಮುಗೀತು. ಗೇಮ್ ಕಂಪನಿಯಲ್ಲಿ ಕಾನ್ಸೆಪ್ಟ್ ಆರ್ಟಿಸ್ಟ್ ಆಗಬೇಕು ಅಂತ ಆಸೆ. ಬೆಂಗಳೂರಲ್ಲಿ ಕೋರ್ಸ್ ಸೇರ್ತೀನಿ ಅಂದರೆ ಅಪ್ಪ, "ಎಐ ಒಂದು ನಿಮಿಷಕ್ಕೆ ಚಿತ್ರ ಬರೆದು ಕೊಡುತ್ತಂತೆ, ನಿನಗ್ಯಾರು ಸಂಬಳ ಕೊಡ್ತಾರೆ? ತೋಟ ನೋಡ್ಕೊಂಡಿರು" ಅಂತಾರೆ. ಅಪ್ಪ ಹೇಳೋದು ನಿಜವಾ?
- ಹೆಸರು ಬೇಡ, ಹೊಸನಗರ

ಉತ್ತರ: ತಮ್ಮಾ, ಅಪ್ಪನ ಮಾತಿನಲ್ಲಿ ಅರ್ಧ ನಿಜ ಇದೆ. ಮೊದಲು ಅದನ್ನೇ ಹೇಳಿಬಿಡುತ್ತೇನೆ.

2022ರಲ್ಲಿ ಮಿಡ್‌ಜರ್ನಿ, ಸ್ಟೇಬಲ್ ಡಿಫ್ಯೂಷನ್ ಎಂಬ ಚಿತ್ರ ಬರೆಯುವ ಎಐಗಳು ಒಂದರ ಹಿಂದೆ ಒಂದು ಬಂದಾಗ ನಾನು ಬೆಂಗಳೂರಿನ ಒಂದು ಗೇಮ್ ಕಂಪನಿಯಲ್ಲಿದ್ದೆ. ಅಲ್ಲಿಯವರೆಗೆ ಹೊಸದಾಗಿ ಸೇರಿದವರಿಗೆ ಒಂದು ಕೆಲಸ ಕಾಯಂ ಇರುತ್ತಿತ್ತು. ಒಂದು ಕತ್ತಿಗೆ ಮೂವತ್ತು ತರದ ಹಿಡಿ, ಒಂದು ಕೋಟೆಗೆ ಇಪ್ಪತ್ತು ತರದ ಬಾಗಿಲು ಬರೆದು ತೋರಿಸುವುದು. ಕೈ ಪಳಗುತ್ತಿದ್ದದ್ದೇ ಅಲ್ಲಿ. ಆ ಕೆಲಸ ನಾನಿದ್ದ ಕಡೆ ನನ್ನ ಕಣ್ಣೆದುರೇ ಎಐ ಪಾಲಾಯಿತು. ಈ ಸಂಕಟ ನನಗಿನ್ನೂ ಹೋಗಿಲ್ಲ. ಕೋರ್ಸಿಗೆ ಸಾಲ ಮಾಡುವ ಮುಂಚೆ ನಿನಗೂ ಇದು ಗೊತ್ತಿರಲಿ.

ಇನ್ನರ್ಧ ಹೇಳ್ತೀನಿ ಕೇಳು. ನಮ್ಮ ಕಾನ್ಸೆಪ್ಟ್ ಆರ್ಟಿಸ್ಟ್‌ಗಳ ಕೆಲಸ ಚಂದದ ಚಿತ್ರ ಬರೆಯುವುದಷ್ಟೇ ಅಂತ ಜಾಸ್ತಿ ಜನ ಅಂದುಕೊಂಡಿದ್ದಾರೆ. ಇನ್ನೂ ಎಲ್ಲೂ ಇಲ್ಲದ ಒಂದು ವಸ್ತುವನ್ನು ಬೇರೆಯವರು ಕಟ್ಟಬೇಕು. ಅವರಿಗೆ ಅದರ ಮುಂದೆ, ಹಿಂದೆ, ಪಕ್ಕ, ಅಳತೆ, ಎಲ್ಲಿಗೆ ಏನು ಸೇರುತ್ತೆ ಅನ್ನೋದು ಎಲ್ಲಾ ಬೇಕು. ತ್ರೀಡಿ ಮಾಡೆಲ್ ಮಾಡುವವರು ನಮ್ಮ ಹಾಳೆ ಎದುರಿಗಿಟ್ಟುಕೊಂಡೇ ಕೂರುವುದು.

ನಾನೀಗ ಶಿವಮೊಗ್ಗದಲ್ಲೇ ಇದ್ದು ಕೆಲಸ ಮಾಡುತ್ತೇನೆ. ಹೋದ ಮಳೆಗಾಲ ಒಂದು ಗೇಮಿಗೆ ಮಲೆನಾಡಿನ ಊರು ಬೇಕಾಗಿತ್ತು. ತಂಡದವರು ಎಐಯಿಂದ ತೆಗೆಸಿದ ಚಿತ್ರಗಳನ್ನು ಕಳಿಸಿದರು. ಮಂಜು, ಹಸಿರು, ಮಳೆ, ಎಲ್ಲಾ ಚೆನ್ನಾಗಿತ್ತು. ಆದರೆ ಅಡಿಕೆ ಮರಕ್ಕೆ ತೆಂಗಿನ ಗರಿ. ಗದ್ದೆಯಲ್ಲಿ ಒಬ್ಬಳು ಹೆಂಗಸು, ಮಳೆಗೆ ತಲೆ ಬೆನ್ನಿನ ಮೇಲೆ ಹಾಕಿಕೊಳ್ಳುವ ಗೊರಬನ್ನು ಕೊಡೆ ಹಾಗೆ ಕೈಯಲ್ಲಿ ಹಿಡಿದು ನೆಟ್ಟಗೆ ನಿಂತಿದ್ದಳು.

ನಾನು ದೊಡ್ಡಮ್ಮನ ಮನೆಗೆ ಹೋದೆ. ಅಟ್ಟದಲ್ಲಿ ಒಂದು ಹಳೇ ಗೊರಬಿತ್ತು. ಬಿದಿರ ಸೀಳಿನ ಹೆಣಿಗೆ, ನಡುವೆ ಒಣಗಿದ ಎಲೆ, ಹೊಗೆ ಹಿಡಿದು ಕಪ್ಪಾಗಿತ್ತು. ತಲೆಗೆ ಹಾಕಿಕೊಂಡು ನಿಂತರೆ ಹಿಂದಕ್ಕೆ ಜಾರುತ್ತೆ. ದೊಡ್ಡಮ್ಮ ನಕ್ಕು, "ಬಗ್ಗೇ ಮಾರಾಯ್ತಿ, ಸಸಿ ನೆಡೋ ಹಾಗೆ ಬಗ್ಗು" ಅಂದರು. ಬಗ್ಗಿದೆ. ತಲೆಯಿಂದ ಸೊಂಟದವರೆಗೆ ಚಿಪ್ಪಿನ ಹಾಗೆ ಕೂತುಬಿಟ್ಟಿತು. ಎರಡು ಕೈಯೂ ಖಾಲಿ. ಬಗ್ಗಿದ ಬೆನ್ನಿಗೆಂದೇ ಯಾರೋ ಅದನ್ನು ಹೆಣೆದಿದ್ದಾರೆ.

ಅವತ್ತೇ ಕೂತು ಆರು ಹಾಳೆ ಬರೆದೆ. ಬಗ್ಗಿದಾಗ ಹೇಗೆ, ಎದ್ದಾಗ ಹೇಗೆ, ಬದುವಿನ ಮೇಲೆ ಇಟ್ಟಾಗ ಹೇಗೆ. ಟೇಪು ಹಿಡಿದು ಸೂರನ್ನೂ ಅಳೆದೆ. ಜಗಲಿ ಹತ್ತಬೇಕಾದರೆ ನಾನು ತಲೆ ತಗ್ಗಿಸಲೇಬೇಕು, ಅಷ್ಟು ತಗ್ಗು. ಓರೆ ಮಳೆ ಗೋಡೆಗೆ ಹೊಡೆಯಬಾರದಲ್ವಾ? ಈಗ ಆ ಗೇಮಿನಲ್ಲಿ ಯಾರೇ ಆ ಮನೆಯೊಳಗೆ ಹೋದರೂ ತಲೆ ತಗ್ಗಿಸಿಯೇ ಹೋಗುತ್ತಾರೆ.

ಎಐ ನಾನೂ ಬಳಸುತ್ತೇನೆ. ಅದೇ ಅಂಗಳ ಬೆಳಗಿನ ಬೆಳಕಿನಲ್ಲಿ ಚೆನ್ನವೋ, ಸಂಜೆಯದರಲ್ಲೋ ಅಂತ ನೋಡೋಕೆ ಒಳ್ಳೆಯದು. ಬಾಗಿಲನ್ನು ಎರಡಡಿ ಎಡಕ್ಕೆ ಸರಿಸು ಅಂದರೆ ಮಾತ್ರ ಎಷ್ಟೋ ಸಲ ಕಂಬ, ಕಿಟಕಿ ಎಲ್ಲಾ ಬೇರೆಯಾಗಿ ಬರುತ್ತವೆ. ಆಗ ಪೆನ್ಸಿಲ್ಲೇ ಬೇಗ. ನಿಯಮಗಳನ್ನೂ ತಿಳಿದಿರು: ಸ್ಟೀಮ್ ಎಂಬ ಆನ್‌ಲೈನ್ ಗೇಮ್ ಅಂಗಡಿಯಲ್ಲಿ ಗೇಮ್ ಮಾರುವವರು ಅದರಲ್ಲಿ ಎಐ ಮಾಡಿದ್ದು ಇದ್ದರೆ ಹೇಳಬೇಕು ಅಂತ 2024ರ ಜನವರಿಯಲ್ಲಿ ನಿಯಮ ಬಂದಿದೆ.

ಕೋರ್ಸನ್ನು ಒಂದು ವರ್ಷ ಮುಂದಕ್ಕೆ ಹಾಕು. ತ್ರೀಡಿ ಮಾಡೆಲ್ ಮಾಡುವ ಸಾಫ್ಟ್‌ವೇರ್ ಬ್ಲೆಂಡರ್ ಉಚಿತ, ಮನೆಯಲ್ಲೇ ಕಲಿ. ಅಪ್ಪನ ಜೊತೆ ತೋಟಕ್ಕೆ ಹೋಗು. ಮೆಟ್ಟುಗತ್ತಿ, ದೋಟಿ, ಔಷಧಿ ಹೊಡೆಯುವ ಪಂಪು, ಒಂದೊಂದನ್ನೂ ನಾಲ್ಕು ದಿಕ್ಕಿನಿಂದ ಬರೆ. ಯಾಕೆ ಹಾಗಿದೆ ಅಂತ ಅಪ್ಪನನ್ನೇ ಕೇಳಿ ಪಕ್ಕದಲ್ಲಿ ಗುರುತು ಹಾಕು. ಇಪ್ಪತ್ತು ಹಾಳೆ ಆದಮೇಲೆ ಪತ್ರಿಕೆಗೆ ಕಳಿಸು. ಒಂದೊಂದನ್ನೂ ನೋಡಿ ತಿದ್ದಿ ಕೊಡುತ್ತೇನೆ.

ಪ್ರಶ್ನೆ: ನಾನು ಬರೆದ ಹಸೆ ಚಿತ್ತಾರದ ಫೋಟೊಗಳನ್ನು ಇನ್‌ಸ್ಟಾಗ್ರಾಂಗೆ ಹಾಕುತ್ತೇನೆ. ಎಐ ಅದನ್ನು ನೋಡಿ ಕಲಿತುಬಿಡುತ್ತಾ?
- ಓದುಗರು, ಸಾಗರ

ಉತ್ತರ: ಕಲಿಯಬಹುದು. ಎಐಗಳಿಗೆ ಕಲಿಸಲೆಂದು ಮಾಡಿದ ಲಯಾನ್-5ಬಿ ಎಂಬ ಒಂದೇ ಪಟ್ಟಿಯಲ್ಲಿ 585 ಕೋಟಿ ಚಿತ್ರಗಳ ಇಂಟರ್ನೆಟ್ ವಿಳಾಸ ಇತ್ತು. ಬರೆದವರನ್ನು ಯಾರೂ ಕೇಳಿರಲಿಲ್ಲ. ಇದು ತಪ್ಪು ಅಂತ ನಾನು ಗಟ್ಟಿಯಾಗಿ ನಂಬುತ್ತೇನೆ. ಕಾನ್ಸೆಪ್ಟ್ ಆರ್ಟಿಸ್ಟ್ ಕಾರ್ಲಾ ಒರ್ಟಿಜ್ ಮತ್ತು ಇನ್ನಿಬ್ಬರು ಕಲಾವಿದರು 2023ರ ಜನವರಿಯಲ್ಲಿ ಇದೇ ವಿಷಯಕ್ಕೆ ಅಮೆರಿಕದಲ್ಲಿ ಕೇಸು ಹಾಕಿದರು. ನೀವು ಚಿಕ್ಕ ಅಳತೆಯ ಫೋಟೊ ಮಾತ್ರ ಹಾಕಿ. ಷಿಕಾಗೊ ವಿಶ್ವವಿದ್ಯಾಲಯದವರ ಗ್ಲೇಜ್ ಎಂಬ ಸಾಫ್ಟ್‌ವೇರ್ ಉಚಿತವಾಗಿ ಸಿಗುತ್ತದೆ, ಶೈಲಿ ನಕಲು ಮಾಡುವುದನ್ನು ಸ್ವಲ್ಪ ಕಷ್ಟ ಮಾಡುತ್ತದೆ. ಪೂರ್ತಿ ತಡೆಯುವುದಿಲ್ಲ. ಕೆಮ್ಮಣ್ಣು ಬಳಿಯುವುದರಿಂದ ಹಿಡಿದು ಪುಂಡಿ ನಾರಿನ ಕುಂಚದಲ್ಲಿ ಕೊನೆಯ ಗೆರೆ ಎಳೆಯುವವರೆಗೆ ವಿಡಿಯೊ ಮಾಡಿ, ನೀವೇ ಬರೆದದ್ದು ಅಂತ ತೋರಿಸೋಕೆ ತಾರೀಖು ಸಮೇತ ಎತ್ತಿಡಿ.