ಕರಾಳ ದಿನದ ಕೂಗಿಗೂ ರಕ್ಷಣೆ ಇರಲಿ, ಬಸ್ ತಡೆಯುವ ಕರೆಗೆ ಬೇಡ

ದ್ವೇಷದ ಮಾತಿಗೂ ವಾಕ್ ಸ್ವಾತಂತ್ರ್ಯದ ಆಸರೆ ಇರಬೇಕೇ ಎಂದು ಕೇಳಿದ್ದೀರಿ. ಬೆಳಗಾವಿಯಲ್ಲಿ ನಿಂತು ಹೇಳುವುದಾದರೆ, ಯಾವುದನ್ನು ದ್ವೇಷದ ಮಾತು ಅನ್ನುತ್ತೀರಿ ಎಂಬುದರ ಮೇಲೆ ಎಲ್ಲ ನಿಂತಿದೆ.

ನವೆಂಬರ್ 1ರಂದು ಚೆನ್ನಮ್ಮ ವೃತ್ತದಲ್ಲಿ ಕಾಲಿಡಲು ಜಾಗ ಇರುವುದಿಲ್ಲ. ಎಲ್ಲೆಲ್ಲೂ ಹಳದಿ-ಕೆಂಪು ಬಾವುಟ. ಅದೇ ದಿನ ಮಹಾರಾಷ್ಟ್ರ ಏಕೀಕರಣ ಸಮಿತಿಯವರು ಕರಾಳ ದಿನ ಆಚರಿಸುತ್ತಾರೆ, ಬೆಳಗಾವಿ ಮಹಾರಾಷ್ಟ್ರಕ್ಕೆ ಸೇರಬೇಕು ಎಂದು ಕೂಗುತ್ತಾರೆ. ಕನ್ನಡಿಗನಾದ ನನಗೆ ಅದನ್ನು ಕೇಳಿದರೆ ಮೈ ಉರಿಯುತ್ತದೆ. ಗಡಿ ತಂಟೆ ಬಗೆಹರಿಸಲು ಕೇಂದ್ರ ನೇಮಿಸಿದ್ದ ಮಹಾಜನ ಆಯೋಗ 1967ರಲ್ಲೇ ಬೆಳಗಾವಿ ನಮ್ಮದೆಂದು ಹೇಳಿದೆ. ಅದನ್ನೊಪ್ಪದ ಮಹಾರಾಷ್ಟ್ರ 2004ರಲ್ಲಿ ಸುಪ್ರೀಂ ಕೋರ್ಟಿಗೆ ಹೋಗಿದೆ. ಇಷ್ಟಾದರೂ ಆ ಕೂಗಿಗೆ ಕಾನೂನಿನ ರಕ್ಷಣೆ ಇರಲೇಬೇಕು. ಅತ್ತ ಮಹಾರಾಷ್ಟ್ರದ ಸಾಂಗ್ಲಿ ಜಿಲ್ಲೆಯ ಜತ್ತ ತಾಲ್ಲೂಕಿನ ಕನ್ನಡಿಗರು ನೀರು ಕೊಡದಿದ್ದರೆ ಕರ್ನಾಟಕಕ್ಕೆ ಸೇರುತ್ತೇವೆ ಅನ್ನುತ್ತಾರಲ್ಲ, ಆಗ ನಾವು ಹಿಗ್ಗುತ್ತೇವೆ. ಅವರ ಬಾಯಿಗೆ ಒಂದು ನ್ಯಾಯ, ಇವರ ಬಾಯಿಗೆ ಇನ್ನೊಂದು ಆಗಬಾರದು.

ಆದರೆ ‘ಅವರ ಬಸ್ ಬಿಡಬೇಡಿ’, ‘ಭಾಷೆ ಬಾರದವನಿಗೆ ಬುದ್ಧಿ ಕಲಿಸಿ’ ಎಂದು ಸೇರಿದ ಗುಂಪಿಗೆ ಹೇಳುವ ಮಾತು ಬೇರೆ. 2025ರ ಫೆಬ್ರವರಿಯಲ್ಲಿ ಬೆಳಗಾವಿ ತಾಲ್ಲೂಕಿನಲ್ಲಿ ಮರಾಠಿ ಬರುವುದಿಲ್ಲ ಎಂದ ನಮ್ಮ ಕಂಡಕ್ಟರ್ ಒಬ್ಬರನ್ನು ಹೊಡೆದರು. ಅದರ ಬೆನ್ನಲ್ಲೇ ಚಿತ್ರದುರ್ಗದ ಹತ್ತಿರ ಮಹಾರಾಷ್ಟ್ರದ ಬಸ್ ಚಾಲಕನಿಗೆ ಮಸಿ ಬಳಿದರು. ಒಬ್ಬರು ಟಿಕೆಟ್ ಹರಿಯುತ್ತಿದ್ದವರು, ಇನ್ನೊಬ್ಬರು ಸ್ಟೀರಿಂಗ್ ಹಿಡಿದಿದ್ದವರು. ಗಡಿ ತಂಟೆಗೂ ಅವರಿಗೂ ಏನು ಸಂಬಂಧ?

ಹೀಗಾದಾಗಲೆಲ್ಲ ಬಸ್ಸುಗಳು ಗಡಿಯಲ್ಲಿ ನಿಲ್ಲುತ್ತವೆ. ನಮ್ಮ ಬಸ್ ನಿಪ್ಪಾಣಿಗೇ ಮುಗಿಯಿತೆಂದರೆ, ಮಿರಜಿನ ಆಸ್ಪತ್ರೆಗೆ ಹೊರಟ ಮುದುಕಿ ಗಂಟು ತಲೆ ಮೇಲಿಟ್ಟು ಟೆಂಪೋ ಹುಡುಕಬೇಕು. ಚಂದಗಡದಿಂದ ಬೆಳಗಾವಿ ಪ್ಯಾಟಿಗೆ ಬರುವ ಮರಾಠಿ ರೈತನ ಪಾಡೂ ಇದೇ. ಭಾಷಣ ಮಾಡಿದವರಲ್ಲಿ ಒಬ್ಬರೂ ಆ ಬಸ್ಸಿನಲ್ಲಿ ಇರುವುದಿಲ್ಲ.

ಕಾನೂನು ಇಲ್ಲವೆಂದಲ್ಲ. ಭಾರತೀಯ ನ್ಯಾಯ ಸಂಹಿತೆಯ 196ನೇ ಕಲಮಿನಲ್ಲಿ ಧರ್ಮ, ಜಾತಿಗಳ ಜೊತೆ ಭಾಷೆಯ ಹೆಸರೂ ಇದೆ. ವೈರ ಬಿತ್ತಿದವರಿಗೆ ಮೂರು ವರ್ಷದವರೆಗೆ ಶಿಕ್ಷೆ. ಆದರೆ ವಿಚಾರಣೆಗೆ ಸರ್ಕಾರದ ಅನುಮತಿ ಬೇಕು. ಓಟಿನ ಲೆಕ್ಕ ಹಾಕುವವರು ಆ ಕಡತಕ್ಕೆ ಬೇಗ ಸಹಿ ಹಾಕುತ್ತಾರೆಂದು ನನಗೆ ನಂಬಿಕೆಯಿಲ್ಲ.

2025ರ ಡಿಸೆಂಬರ್‌ನಲ್ಲಿ ನಮ್ಮೂರಿನ ಸುವರ್ಣಸೌಧದಲ್ಲೇ ದ್ವೇಷ ಭಾಷಣ ತಡೆ ಮಸೂದೆಗೆ ವಿಧಾನಮಂಡಲ ಒಪ್ಪಿಗೆ ಕೊಟ್ಟಿತು. ಒಂದರಿಂದ ಏಳು ವರ್ಷ ಜೈಲು, ಜಾಮೀನುರಹಿತ ಅಪರಾಧ. ಅದರ ಉದ್ದೇಶವನ್ನು ನಾನು ಮೆಚ್ಚುತ್ತೇನೆ, ಅದರ ವ್ಯಾಖ್ಯೆಗೆ ಹೆದರುತ್ತೇನೆ. ಅಸಾಮರಸ್ಯ, ದುರ್ಭಾವನೆ ಎಂಬ ಅಗಲವಾದ ಮಾತುಗಳಲ್ಲಿ ಕರಾಳ ದಿನದ ಕೂಗೂ ಸಿಕ್ಕಿಬೀಳಬಹುದು. ನಾಳೆ ಮಹಾರಾಷ್ಟ್ರವೂ ಇಂಥದ್ದೇ ಕಾನೂನು ತಂದರೆ ಜತ್ತದ ಕನ್ನಡಿಗನ ಗತಿಯೇನು?

2015ರಲ್ಲಿ, ಆನ್‌ಲೈನ್‌ನಲ್ಲಿ ಕಿರಿಕಿರಿ ಮಾಡುವ ಮಾತಿಗೂ ಜೈಲು ಹಾಕಬಹುದಾಗಿದ್ದ ಐಟಿ ಕಾಯ್ದೆಯ 66ಎ ಕಲಮನ್ನು ರದ್ದು ಮಾಡುವಾಗ ಸುಪ್ರೀಂ ಕೋರ್ಟ್ ಚರ್ಚೆ, ಪ್ರತಿಪಾದನೆ, ಪ್ರಚೋದನೆ ಎಂದು ಮೂರನ್ನು ಬೇರೆ ಮಾಡಿ ನೋಡಿತು. ಮೊದಲೆರಡು ಎಷ್ಟೇ ಕಹಿಯಾಗಿದ್ದರೂ ಮುಟ್ಟಬಾರದು. ಗಡಿಗೆ ಬೇಕಾದ ಗೆರೆ ಅದೇ. ಗುಂಪನ್ನು ಮನುಷ್ಯರ ಮೇಲೆ ಛೂ ಬಿಟ್ಟವರ ಮೇಲೆ ಅದೇ ರಾತ್ರಿ ಕೇಸ್ ಬೀಳಲಿ. ಪೊಲೀಸರ ಕ್ಯಾಮೆರಾ ಹೇಗೂ ಅಲ್ಲೇ ಇರುತ್ತದೆ. ಛೂ ಬಿಟ್ಟವನು ನನ್ನ ಬಾವುಟವನ್ನೇ ಹಿಡಿದಿದ್ದರೂ ಸರಿ.