ನೀಲಮ್ಮನಿಗೆ ಬರುವ ತಮ್ಮನಿಗೆ

ಚಿತ್ತಾಪುರದಿಂದ ನೀನು ಬರೆದ ಕಾಗದ ಸರಕು ಹಡಗಿನ ಅಂಚೆಯಲ್ಲಿ ಕೈಸೇರಿತು. "ಮೇ ತಿಂಗಳ ಕಲಬುರಗಿ ಕಂಡವರಿಗೆ ನೀಲಮ್ಮ ಗ್ರಹದ ಬಿಸಿಲು ಯಾವ ಲೆಕ್ಕ?" ಎಂದು ಕೇಳಿದ್ದೀಯ. ನಾನೂ ಹೀಗೆಯೇ ಎದೆಯುಬ್ಬಿಸಿಕೊಂಡು ಬಂದವನು. ಊರಲ್ಲಿ 44 ಡಿಗ್ರಿಯಾದರೆ ಪತ್ರಿಕೆಯಲ್ಲಿ ಬರುತ್ತದೆ. ಇಲ್ಲಿ 900 ದಾಟಿದರೂ ಯಾರೂ ತಲೆ ಎತ್ತುವುದಿಲ್ಲ. ನಕ್ಷತ್ರವೇ ಬರೀ 46 ಲಕ್ಷ ಕಿಲೋಮೀಟರ್ ದೂರದಲ್ಲಿದೆ. ಅದಕ್ಕೆ ತಕ್ಕ ಗೋಡೆ ನಮಗಿದೆ, ಬಿಸಿಲಿನ ಚಿಂತೆ ಬಿಡು.

ಕಾಗದಪತ್ರಗಳಲ್ಲಿ ಇದು ಎಚ್‌ಡಿ 189733 ಬಿ. ನಾವು ನೀಲಮ್ಮ ಎನ್ನುತ್ತೇವೆ. ಬಣ್ಣ ನೀಲಿ ಎಂದು 2013ರಲ್ಲೇ ಹಬಲ್ ದೂರದರ್ಶಕ ತೋರಿಸಿಕೊಟ್ಟಿತ್ತು. ಆ ನೀಲಿ ನೀರಿನದಲ್ಲ, ಮೋಡದೊಳಗಿನ ಗಾಜಿನ ಹರಳಿನದು. ಗಾಳಿ ಗಂಟೆಗೆ 8,700 ಕಿಲೋಮೀಟರ್ ಬೀಸುವುದರಿಂದ ಮಳೆ ಮೇಲಿನಿಂದ ಬೀಳದೆ ಪಕ್ಕದಿಂದ ಬಡಿಯುತ್ತದೆ. ನನ್ನ ಕಿಟಕಿ ಉಜ್ಜಿ ಉಜ್ಜಿ ಹಾಲುಗಾಜಿನಂತಾಗಿದೆ.

ಗ್ರಹ ನಕ್ಷತ್ರಕ್ಕೆ ಸದಾ ಒಂದೇ ಮುಖ ತೋರಿಸುತ್ತದೆ. ಹಾಗಾಗಿ ಇಲ್ಲಿ ಹೊತ್ತು ಮುಳುಗುವುದಿಲ್ಲ, ನಮ್ಮ ತೇಲುಮನೆಯೇ ಗಾಳಿಯ ಜೊತೆ ಹೋಗಿ ಕತ್ತಲೆಯಲ್ಲಿ ಮುಳುಗುತ್ತದೆ. ಒಂದು ಸುತ್ತು ಬರಲು ಸುಮಾರು ಎರಡೂವರೆ ದಿನ. ವರ್ಷವಾದರೋ 53 ಗಂಟೆಗೇ ಮುಗಿಯುತ್ತದೆ! ಆದ್ದರಿಂದ ಕರಾರಿಗೆ ಸಹಿ ಹಾಕುವ ಮೊದಲು "ಯಾರ ವರ್ಷ?" ಎಂದು ಕೇಳು. ನನ್ನ ಏಜೆಂಟ್ ಒಂದು ವರ್ಷದ ಸಂಬಳಸಹಿತ ರಜೆ ಎಂದಿದ್ದ. ಮೂರನೆಯ ದಿನ ಕೆಲಸಕ್ಕೆ ಕರೆದರು.

ಇಲ್ಲಿ ಕೊಳೆತ ಮೊಟ್ಟೆಯ ವಾಸನೆಯೂ ಇದೆ. ಅದು ಹೈಡ್ರೋಜನ್ ಸಲ್ಫೈಡ್, 2024ರಲ್ಲಿ ಜೇಮ್ಸ್ ವೆಬ್ ದೂರದರ್ಶಕ ಪತ್ತೆ ಹಚ್ಚಿದ್ದು. ವಾಸನೆ ನಿಂತಿತೆಂದು ಹಿಗ್ಗಬೇಡ. ಹೋಗಿರುವುದು ಅನಿಲವಲ್ಲ, ನಿನ್ನ ಮೂಗು. ಮೀಟರ್ ನೋಡು.

ಮೈಭಾರ ಎರಡು ಪಟ್ಟಿಗಿಂತ ತುಸು ಹೆಚ್ಚಾಗುತ್ತದೆ. ನನ್ನ ಹೆಂಡತಿ ರೊಟ್ಟಿ ಬಡಿಯುವಾಗ ಕೈ ಎತ್ತಲು ಒದ್ದಾಡುತ್ತಾಳೆ, ಬೀಳುವ ಕೆಲಸ ಕೈ ತಾನೇ ಮಾಡುತ್ತದೆ. ಇಷ್ಟು ತೆಳ್ಳನೆಯ ರೊಟ್ಟಿ ನಾನು ಊರಲ್ಲೂ ತಿಂದಿಲ್ಲ.

ಊರಿನ ರೇಡಿಯೊ ಸುದ್ದಿಯನ್ನು ನಂಬಿ ಕೂರಬೇಡ, ಅದು ಬರಲು ಸುಮಾರು ಅರವತ್ತನಾಲ್ಕೂವರೆ ವರ್ಷ ಹಿಡಿಯುತ್ತದೆ. 2014ರ ನವೆಂಬರ್ 1ರಂದು ಗುಲ್ಬರ್ಗ ಕಲಬುರಗಿಯಾದ ಸುದ್ದಿ ಇಲ್ಲಿಗೆ ಮುಟ್ಟುವುದೇ 2079ಕ್ಕೆ.

ನನಗೆ ಒಗ್ಗದೇ ಉಳಿದಿರುವುದು ಒಂದೇ: ಇಲ್ಲಿ ನೆಲವಿಲ್ಲ. ಕೆಳಗೆ ಅನಿಲ, ಅದರ ಕೆಳಗೂ ಅನಿಲ. ಬೇಸಗೆಯ ಮಧ್ಯಾಹ್ನ ಬಾಗಿಲು ಮುಂದೆ ಮಾಡಿ, ನೀರು ಚಿಮುಕಿಸಿದ ಶಹಾಬಾದ್ ಕಲ್ಲಿನ ಮೇಲೆ ಅಂಗಿ ಬಿಚ್ಚಿ ಮಲಗುತ್ತಿದ್ದೆವಲ್ಲ, ಬೆನ್ನಿಗೆ ಆ ತಂಪು ಇಲ್ಲಿ ಯಾವ ಯಂತ್ರದಿಂದಲೂ ಸಿಗಲಿಲ್ಲ. ತೊಗರಿಬೇಳೆ ಹೊತ್ತು ತರಬೇಡ, ಉಗ್ರಾಣದಲ್ಲಿ ಸಿಗುತ್ತದೆ. ಆ ತೂಕದಲ್ಲಿ ಒಂದಡಿ ಚೌಕದ ಕಲ್ಲು ತಾ. ಪಾಲಿಶ್ ಮಾಡಿದ್ದು ಬೇಡ.